ಕತ್ತಲೆ ಕೋಣೆಯಲ್ಲಿ ಯಲ್ಲವ್ವನ ಭಂಡಾರ

ತಾಯಿ ಯಲ್ಲವ್ವನನ್ನು ನಂಬಿದವರಿಗೆಲ್ಲ ಟಿಕೋಟಾದ ದರ್ಜಿಯೊಬ್ಬನ ಶರಣು. ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆ. ಒಂಬತ್ತು ವರ್ಷದ ನನ್ನ ಮಗಳು ಗಂಗಾಳಿಗೆ ಹತ್ತಿದ ಜ್ವರ ಬಿಡಲೇ ಇಲ್ಲ. ಕುತ್ತಿಗೆಯಲ್ಲಿ ಗಂಟು, ಒಸಡಿನಲ್ಲಿ ರಕ್ತ. ವಿಜಾಪುರದ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದರು.

"ರಕ್ತದ ಕ್ಯಾನ್ಸರ್ ಅಂತ ಸಂಶಯ ಐತ್ರಿ. ಮುಂಬೈದಾಗ ಒಂದು ಪರೀಕ್ಷಾ ಮಾಡ್ತಾರ. ಮೊಲದ ರಕ್ತದಿಂದ ತಗದು ಬಣ್ಣ ಕೂಡಿಸಿದ ಸೀರಮ್ಮು ಹಾಕ್ತಾರ. ಕ್ಯಾನ್ಸರಿನ ಕಣ ಇದ್ರ ಹುಡುಕಿ ಹೋಗಿ ಹತ್ಕೋತೈತಿ. ಕತ್ತಲಿ ಕೋಣ್ಯಾಗ ಹಸರ ಹೊಳೀತೈತಿ. ಇಲ್ಲಂದ್ರ ಹೊಳ್ಯಾಂಗಿಲ್ಲ."

ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಹೆಂಡತಿಯನ್ನು ಆಗಲೇ ಮಣ್ಣು ಮಾಡಿದ್ದೆ. ಯವ್ವಾ ಯಲ್ಲವ್ವಾ, ಇದೊಂದು ಕೂಸನ್ನಾದರೂ ಬಿಡು ಎಂದು ಅಲ್ಲೇ ಅತ್ತೆ.

ಗಂಗಾಳ ಎದೆಯೆಲುಬಿಗೆ ಸೂಜಿ ಚುಚ್ಚಿ ತೆಗೆದ ರಸವನ್ನು ಗಾಜಿನ ಪಟ್ಟಿಗಳಿಗೆ ಸವರಿ ಡಬ್ಬಿಯಲ್ಲಿಟ್ಟು ಕೊಟ್ಟರು. ಊರಿಗೆ ಬಂದು ಬಟ್ಟೆ ಕಟ್ಟಿಕೊಂಡು, ಅವ್ವನನ್ನೂ ಮಗಳನ್ನೂ ಕರೆದುಕೊಂಡು ಹೊರಟೆ. ರೈಲಿನಲ್ಲಿ ಮಗಳ ಮೈ ಕಾದ ಹಂಚಿನಂತಿತ್ತು. ಅವಳ ಉಸಿರು ನಡೆದಿದೆಯೇ ಎಂದು ಮೂಗಿನ ಬಳಿ ಬೆರಳು ಹಿಡಿಯುತ್ತಲೇ ಮುಂಬಯಿ ತಲುಪಿದೆ.

ಪರೀಕ್ಷೆ ಮಾಡಿದ ಡಾಕ್ಟರಮ್ಮ ಧಾರವಾಡ ಕಡೆಯವರು. ಪಟ್ಟಿಗಳ ಮೇಲೆ ಸೀರಮ್ಮು ಹಾಕಿ, ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ತಡೆಯಲಾಗದೆ ನಾನೂ ಬಗ್ಗಿ ನೋಡಿದೆ. ಎಲ್ಲ ಹೊಳೆಯುತ್ತಿತ್ತು! ಮುಗಿಯಿತು, ನನ್ನ ಮಗಳು ಹೋದಳು ಅಂದುಕೊಂಡೆ.

"ತಡೀರಿ," ಎಂದರು ಅವರು. "ರಸ ಸವರದ ಅಂಚೂ ಯಾಕ ಹೊಳ್ಯಾಕತ್ತೈತಿ?" ದೀಪ ಹಾಕಿ ಡಬ್ಬಿಯೊಳಗೆ ಬೆರಳಾಡಿಸಿದರು. ಬೆರಳು ಹಳದಿಯಾಯಿತು.

ಮೂಲೆಯಲ್ಲಿದ್ದ ಅವ್ವ ಸೆರಗು ಬಾಯಿಗಿಟ್ಟುಕೊಂಡಳು. "ಭಂಡಾರ್ರಿ, ದೇವರ ಅರಿಶಿಣ. ನನ್ನ ತವರು ಬಬಲೇಶ್ವರದ ಯಲ್ಲವ್ವನ ಗುಡೀದು. ಟಿಕೋಟಾದ ಬಸ್ ನಿಲ್ದಾಣದಾಗ ಇಂವ ಚೀಟಿ ತಗಸಾಕ ಹೋದಾಗ ಪಟ್ಟಿಗೋಳಿಗೆಲ್ಲಾ ಹಚ್ಚೇನ್ರಿ. ತಾಯಿ ಕಾಯಲಿ ಅಂತ."

"ಬುದ್ಧಿ ಎಲ್ಲಿಟ್ಟಿದ್ದಿ ಬೇ!" ಎಂದು ಚೀರಿದೆ.

"ಬೈಬ್ಯಾಡ್ರಿ," ಎಂದರು ಡಾಕ್ಟರಮ್ಮ. "ಅರಿಶಿಣ ಈ ಸೂಕ್ಷ್ಮದರ್ಶಕದ ನೀಲಿ ಬೆಳಕಿನ್ಯಾಗ ತಾನ ಹೊಳೀತೈತಿ. ಈ ಪರೀಕ್ಷಾ ಲೆಕ್ಕಕ್ಕಿಲ್ಲ. ಮತ್ತ ಮಾಡೂಣು."

ಮತ್ತೆ ಆ ಸೂಜಿ. ಮಗಳು "ಅಪ್ಪಾ, ಬ್ಯಾಡಂತ ಹೇಳೋ" ಎಂದು ಕಿರುಚಿದಳು. ಅವಳ ಕೈ ಹಿಡಿದುಕೊಂಡವನು ನಾನೇ. ಮರುದಿನ ಆ ಕೋಣೆಗೆ ಕಾಲಿಡುವ ಧೈರ್ಯ ನನಗಾಗಲಿಲ್ಲ. ಬಾಗಿಲ ಹೊರಗೆ ಗೋಡೆ ಹಿಡಿದು ನಿಂತೆ. ಅವ್ವ ಒಳಗೆ ಹೋದಳು.

"ಏನ ಕಾಣತೈತಿ ಬೇ?"

ಹೊರಗಿನಿಂದಲೇ ಕೂಗಿ, ಬಾಗಿಲಿಗೆ ಕಿವಿ ಹಚ್ಚಿದೆ.

"ಏನೂ ಕಾಣವಲ್ದೋ ಯಪ್ಪಾ," ಅವ್ವ ಅಳುತ್ತಿದ್ದಳು. "ಬರೇ ಕತ್ತಲಿ. ಕರ್ರಗ ಕತ್ತಲಿ!"

ಕ್ಯಾನ್ಸರ್ ಅಲ್ಲ, ಔಷಧಕ್ಕೆ ಬಗ್ಗುವ ಬೇರೆ ಸೋಂಕು ಎಂದರು ಡಾಕ್ಟರಮ್ಮ. ನಾನು ಅವರ ಕಾಲಿಗೂ ಅವ್ವನ ಕಾಲಿಗೂ ಬಿದ್ದೆ. ಅವ್ವ ಮಾತ್ರ, "ತಾಯಿ ಯಲ್ಲವ್ವ, ಅಂಜಿಸಿದಾಕೀನೂ ಆಕೀನ, ಉಳಿಸಿದಾಕೀನೂ ಆಕೀನ" ಎಂದಳು.

ಗಂಗಾ ಈಗ ಸಾಲಿಗೆ ಹೋಗುತ್ತಾಳೆ. ಇಂದಿಗೂ ಅವಳ ಮೈ ಕೊಂಚ ಬಿಸಿಯಾದರೆ ಹೊಲಿಗೆ ಬಿಟ್ಟು ಏಳುತ್ತೇನೆ. ಆಗ ದೇವರ ಮನೆಗೆ ಹೋಗಿ ಹಣೆಗೆ ಭಂಡಾರ ಹಚ್ಚಿಕೊಂಡು ಕಣ್ಣು ಮುಚ್ಚುತ್ತೇನೆ. ಎಲ್ಲರೂ ತಾಯಿಯ ಮುಂದೆ ಬೆಳಕು ಬೇಡುತ್ತಾರೆ. ನನಗೆ ಅವಳು ಕತ್ತಲೆ ಕೊಟ್ಟಳು. ಉಧೋ ಯಲ್ಲವ್ವಾ, ಉಧೋ.