ಹಸಿದವರ ಎಣಿಕೆ

ಯಾತ್ರಿಕರ ಹಸಿವನ್ನು ಮೊದಲೇ ಅಂದಾಜು ಮಾಡಬಹುದೆಂದು ಒಂದು ಕಾಲಕ್ಕೆ ನಾನು ನಂಬಿದ್ದೆ. ಗೊಬ್ಬೂರಿನ ಶಾಲೆಯಲ್ಲಿ ಕನ್ನಡದ ಮಕ್ಕಳಿಗೆ ಲೆಕ್ಕವನ್ನು ಉರ್ದುವಿನಲ್ಲಿ ಹೇಳಿಕೊಡುತ್ತಿದ್ದವನಿಗೆ ಅಂಥ ಧೈರ್ಯ ಸಹಜ. ಪಂಚಾಂಗವನ್ನೇ ನೋಡಿ: ಬರುವ ವರ್ಷದ ಗ್ರಹಣವನ್ನು ಗಳಿಗೆ ಸಮೇತ ಹೇಳುತ್ತದೆ, ನಾಳೆ ಎಷ್ಟು ಅಕ್ಕಿ ಹಾಕಬೇಕೆಂದು ಮಾತ್ರ ಬಾಯಿ ಬಿಡುವುದಿಲ್ಲ. ಶಾಸ್ತ್ರದ ಆ ಕೊರತೆ ತುಂಬಲು ಹೊರಟೆ.

ಗಾಣಗಾಪುರದಲ್ಲಿ ನಮ್ಮ ಚಿಗವ್ವ, ಅವ್ವನ ತಂಗಿ, ಆಗಷ್ಟೇ ಖಾನಾವಳಿ ತೆರೆದಿದ್ದಳು. ಗಂಡ ತೀರಿದ ಮೇಲೆ ಜೇವರ್ಗಿಯ ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಉಣ್ಣುವುದು ಸಾಕಾಗಿ ಬಂದವಳು. ಗಿರಾಕಿಗಳೇ ಇಲ್ಲ. “ಈ ಹುಣ್ಣಿಮಿಗೂ ಅನ್ನ ಉಳೀತಂದ್ರ ಜೇವರ್ಗಿಗೆ ಗಂಟು ಕಟ್ಟತೇನಿ ತಮ್ಮಾ,” ಎಂದಳು.

ಹುಣ್ಣಿಮೆಯ ಬೆಳಗ್ಗೆ ಭೀಮೆಯ ದಂಡೆಯಲ್ಲಿ ಕೂತು ಬಂಡಿ ಎಣಿಸಿದೆ. ಬಂಡಿಗೆ ಆರು ಜನ. ನಡೆದು ಬಂದವರಿಗೆ ಹಸಿವು ಹೆಚ್ಚಾದ್ದರಿಂದ ತಲೆಗೆ ಒಂದೂವರೆ ಊಟದ ಅಕ್ಕಿ. “ಇನ್ನೂರು ಎಲೆ,” ಎಂದು ತೀರ್ಪು ಕೊಟ್ಟೆ.

ಮಧ್ಯಾಹ್ನ ಇನ್ನೂರು ಮಂದಿ ಬಂದದ್ದು ನಿಜ. ಒಬ್ಬರೂ ಒಳಗೆ ಬರಲಿಲ್ಲ. ಜೋಳಿಗೆ ಹಿಡಿದು ಬಾಗಿಲಲ್ಲೇ ನಿಂತರು. ಆ ಊರಿನಲ್ಲಿ ದತ್ತಸ್ವಾಮಿ ನಡುಹಗಲಿಗೆ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಅದಕ್ಕೇ ಯಾತ್ರೆಗೆ ಬಂದ ಸಾಹುಕಾರನೂ ಐದು ಮನೆ ಬೇಡಿಯೇ ಉಣ್ಣಬೇಕು. ಇದು ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ನನ್ನ ಲೆಕ್ಕಕ್ಕೆ ಮಾತ್ರ ಗೊತ್ತಿರಲಿಲ್ಲ.

“ಎಣಿಕಿ ಬರೋಬರಿ ಅದ ಬಿಡು,” ಎಂದಳು ಚಿಗವ್ವ, ಅನ್ನದ ಕೊಪ್ಪರಿಗೆ ನೋಡುತ್ತ.

ಅಷ್ಟರಲ್ಲಿ ಸೊಲ್ಲಾಪುರದ ಮುದುಕನೊಬ್ಬ ಬಂದ. “ನನಗ ಊಟ ಬ್ಯಾಡವ್ವಾ. ಭಿಕ್ಷಾ ನೀಡತೇನಂತ ಹರಕಿ ಹೊತ್ತೇನಿ. ಅನ್ನ ಎಷ್ಟದ, ಅಷ್ಟೂ ಕೊಡ್ರಿ.” ರೊಕ್ಕ ಎಣಿಸಿಕೊಟ್ಟು, ನಮ್ಮ ಬಾಗಿಲಲ್ಲೇ ನಿಂತು, ಕೊಪ್ಪರಿಗೆಯ ತಳ ಕಾಣುವವರೆಗೆ ಜೋಳಿಗೆಗಳಿಗೆ ನೀಡಿದ. ಆಮೇಲೆ ತಾನೂ ಜೋಳಿಗೆ ಹಿಡಿದು ಪಕ್ಕದ ಮನೆಗೆ ಹೋದ.

ಹಸಿದ ಇನ್ನೂರು ಜನರಲ್ಲಿ ಗಿರಾಕಿಯಿಲ್ಲ. ಇದ್ದೊಬ್ಬ ಗಿರಾಕಿ ನಮ್ಮಲ್ಲಿ ತುತ್ತೂ ಉಣ್ಣಲಿಲ್ಲ. ಇದನ್ನು ಯಾವ ಕೋಷ್ಟಕದಲ್ಲಿಡಬೇಕೋ ಇಂದಿಗೂ ತಿಳಿದಿಲ್ಲ.

ಚಿಗವ್ವ ಗಂಟು ಕಟ್ಟಲಿಲ್ಲ. ಮುಂದಿನ ಹುಣ್ಣಿಮೆಗೆ ನಾನು ಮತ್ತೆ ಕಾಗದ ತೆಗೆದಾಗ, “ಅದನ್ನ ಒಳಗಿಡು. ಧರ್ಮಶಾಲಾಕ ಹೋಗಿ, ನೀಡೋ ಹರಕಿ ಯಾರದದ ಕೇಳಿ ಬಾ,” ಎಂದಳು. ಹೋದೆ. ಇಬ್ಬರು ಸಿಕ್ಕರು. ಮೂರನೆಯವನು ನನ್ನನ್ನೇ ಕೇಳಿದ: “ನಿಮ್ಮ ಹರಕಿ ಏನದರಿ ಮಾಸ್ತರ?”

“ನಮ್ಮ ಚಿಗವ್ವನ ಅನ್ನ ಉಳೀಬಾರದು ಅಂತರಿ.”

“ಹಂಗಾದ್ರ ನೀವೂ ಜೋಳಿಗಿ ಹಿಡೀರಿ.”

ಹಿಡಿದೆ. ಐದನೆಯ ಮನೆ ಚಿಗವ್ವನದು. ಎಷ್ಟು ನೀಡಲಿ ಎಂದು ಅವಳು ನನ್ನನ್ನು ಕೇಳಲಿಲ್ಲ.