ಮುಖದ ಮೇಲಿನ ಗೀರು

ಕಲಾಶಾಲೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಮಸಿ ಎಂದು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಮಾತ್ರ ಆ ಹೆಸರಿಗೆ ಮೂಗು ಮುರಿಯುತ್ತಿದ್ದಳು. "ಅಷ್ಟು ಚೆಂದದ ಹೆಸರಿಟ್ಟಿದ್ದೀವಿ, ಹೋಗಿ ಹೋಗಿ ಮಸಿ ಅಂತೆ. ಆ ಕೈಲಿ ಹಿಟ್ಟು ಮುಟ್ಟಿದೀಯೋ ನೋಡು!" ಎಂದು ಗದರಿ, ಮತ್ತೆ ತಾನೇ ನಿಂಬೆಹಣ್ಣು ಹೆಚ್ಚಿ ಅವಳ ಬೆರಳುಗಳನ್ನು ಉಜ್ಜಲು ಕೂರುತ್ತಿದ್ದಳು.

ಅಚ್ಚಿನ ವಿಭಾಗಕ್ಕೆ ಸೇರಿದ ಮೇಲೆ ಹುಡುಗಿಗೆ ಹಸಿವು ನಿದ್ದೆಗಳ ಪರಿವೆಯೇ ಹೋಗಿತ್ತು. ಮೊದಲ ವರ್ಷ ಮರದ ಹಲಗೆ ಕೆತ್ತಿದಳು. ಎರಡನೆಯ ವರ್ಷ ಬಟ್ಟೆಗೆ ರಾಸಾಯನಿಕ ಬಳಿದು, ಮೇಲೆ ನೆಗೆಟಿವ್ ಇಟ್ಟು, ಬಿಸಿಲಿಗೆ ಒಡ್ಡಿ ನೀಲಿ ಚಿತ್ರಗಳನ್ನು ತೆಗೆದಳು. ಅಮ್ಮನ ಎರಡು ದಿಂಬಿನ ಗವಸು ಅದಕ್ಕೇ ಆಹುತಿಯಾದವು. ಕೊನೆಯ ವರ್ಷ ತಾಮ್ರಕ್ಕೆ ಕೈ ಹಾಕಿದಳು. ಫೋಟೋವನ್ನು ತಾಮ್ರದ ತಗಡಿಗೆ ಇಳಿಸುವುದು, ದ್ರಾವಣದಲ್ಲಿಟ್ಟು ಕೊರೆಸುವುದು, ಕೊರೆದ ತಗ್ಗುಗಳಿಗೆ ಶಾಯಿ ತುಂಬಿ ಒದ್ದೆ ಕಾಗದದ ಮೇಲೆ ಒತ್ತುವುದು. ಇಷ್ಟು ಹೇಳುವುದು ಸುಲಭ. ಒಂದು ಒಳ್ಳೆಯ ಪ್ರತಿ ಬರುವಷ್ಟರಲ್ಲಿ ಹದಿನೈದು ದಿನ ಮಣ್ಣುಪಾಲಾಗುತ್ತಿತ್ತು.

ಅಂತಿಮ ಪ್ರದರ್ಶನಕ್ಕೆ ಅವಳು ಆರಿಸಿಕೊಂಡದ್ದು ಅಪ್ಪನ ಮುಖವನ್ನು.

ಅಪ್ಪನದು ಬೀದಿ ತಿರುವಿನಲ್ಲಿ ಒಂದು ಪುಟ್ಟ ಸ್ಟುಡಿಯೊ. ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವುದು ಹೊಟ್ಟೆಪಾಡು. ಹರಿದ, ಮಾಸಿದ, ಗೆದ್ದಲು ತಿಂದ ಹಳೆಯ ಫೋಟೋಗಳನ್ನು ಸರಿಪಡಿಸುವುದು ಅವನ ನಿಜವಾದ ವಿದ್ಯೆ. ಹಿಂದೆಲ್ಲ ನೆಗೆಟಿವ್ ಮೇಲೆ ಸೂಜಿಮೊನೆಯಂಥ ಪೆನ್ಸಿಲಿನಿಂದ ತಿದ್ದುತ್ತಿದ್ದವನು, ಈಗ ಕಂಪ್ಯೂಟರಿನಲ್ಲಿ ಅದನ್ನೇ ಮಾಡುತ್ತಿದ್ದ. ಯಾರದೋ ತೀರಿಹೋದ ಗಂಡನ ಹಣೆಗೆ ಅಡ್ಡವಾಗಿ ಮಡಿಕೆಯ ಬಿಳಿಗೆರೆ ಬಿದ್ದಿದ್ದರೆ, ಅದು ಪೂರ್ತಿ ಮಾಯವಾಗುವವರೆಗೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಹೀಗೆ ಊರಿನವರನ್ನೆಲ್ಲ ಕೂರಿಸಿ ಫೋಟೋ ತೆಗೆದ ಮನುಷ್ಯ ತಾನು ಮಾತ್ರ ಕ್ಯಾಮೆರಾದ ಮುಂದೆ ಕೂರಲು ಒಲ್ಲೆ ಎನ್ನುತ್ತಿದ್ದ.

"ನನ್ನ ಮುಖದಲ್ಲಿ ಏನಿದೆ ಅಂತ ತೆಗೀತೀಯೇ? ಹೋಗು, ನಿಮ್ಮಮ್ಮನ್ನ ತೆಗಿ."

"ಅಮ್ಮ ಕ್ಯಾಮೆರಾ ನೋಡಿದ ಕೂಡ್ಲೇ ಉಸಿರು ಬಿಗಿ ಹಿಡಿದು ಕೂರ್ತಾಳಪ್ಪಾ. ಪರೀಕ್ಷೆಗೆ ಕೂತ ಹಾಗೆ."

ಮೂರು ದಿನ ಕಾಡಿದ ಮೇಲೆ ಒಪ್ಪಿದ. ಮೇಜಿನ ಮೇಲೆ ಬಾಗಿ ಏನನ್ನೋ ನೋಡುತ್ತಿದ್ದವನು ಅವಳು ಕರೆದಾಗ ತಲೆ ಎತ್ತಿದ. ಒಂದು ಕಣ್ಣು ಕಿರಿದಾಗಿತ್ತು, ತುಟಿಯ ಮೇಲೆ ಯಾವುದೋ ಮಾತು ಅರ್ಧಕ್ಕೆ ನಿಂತಿತ್ತು. ಆ ಗಳಿಗೆ ಸಿಕ್ಕಿತು.

ಮೊದಲ ತಗಡಿನ ಪ್ರತಿಯನ್ನು ಅವಳು ಓಡೋಡಿ ತಂದು ತೋರಿಸಿದಾಗ ಅಪ್ಪ ಅರೆಗಳಿಗೆ ನೋಡಿ ಬಿದ್ದು ಬಿದ್ದು ನಕ್ಕ. "ಅಲ್ವೇ, ನನ್ನ ಅಂಗಿ ಜೇಬು ಯಾವಾಗ ಬಲಗಡೆಗೆ ವರ್ಗ ಆಯ್ತು?"

ಅವಳು ನಾಲಿಗೆ ಕಚ್ಚಿಕೊಂಡಳು. ಒತ್ತುವಾಗ ಎಡಬಲ ಅದಲುಬದಲಾಗುತ್ತದೆ. ಫೋಟೋದ ಫಿಲ್ಮನ್ನು ತಗಡಿನ ಮೇಲೆ ಮಗುಚಿ ಇಡಬೇಕೆಂಬುದು ಮರೆತೇಹೋಗಿತ್ತು. ಎರಡನೆಯ ತಗಡಿನಲ್ಲಿ ಜೇಬು ತನ್ನ ಜಾಗಕ್ಕೆ ಬಂತು. ಆಗ ಅಪ್ಪ ನಗಲಿಲ್ಲ. ಬಹಳ ಹೊತ್ತು ನೋಡಿ, "ಇಷ್ಟೊಂದು ಸುಕ್ಕು ಇದೆಯಾ ನನಗೆ?" ಎಂದ. ತಿದ್ದು ಎಂದು ಮಾತ್ರ ಹೇಳಲಿಲ್ಲ.

ಹತ್ತು ಪ್ರತಿ ತೆಗೆದಳು. ಅಚ್ಚಿನ ಕೆಲಸದಲ್ಲಿ ಒಂದು ಪದ್ಧತಿಯಿದೆ. ಗೊತ್ತು ಮಾಡಿದಷ್ಟು ಪ್ರತಿಗಳಾದ ಮೇಲೆ ತಗಡಿನ ಮೇಲೆ ಗೀರೆಳೆದು ಅದನ್ನು ರದ್ದು ಮಾಡಬೇಕು, ಮುಂದೆ ಯಾರೂ ಕದ್ದು ಒತ್ತದ ಹಾಗೆ. ರದ್ದಾಯಿತೆಂಬುದಕ್ಕೆ ಸಾಕ್ಷಿಯಾಗಿ ಆ ಗೀರು ಬಿದ್ದ ತಗಡಿನಿಂದಲೇ ಕೊನೆಯದೊಂದು ಪ್ರತಿ ತೆಗೆದಿಡುವುದೂ ಉಂಟು. "ಮೂಲೇಲಿ ಒಂದು ಸಣ್ಣ ಗೀರು ಸಾಕಮ್ಮ. ಗೊತ್ತಾದ್ರಾಯ್ತು ಅಷ್ಟೆ," ಎಂದಿದ್ದರು ಮೇಷ್ಟ್ರು.

ಅವಳು ಉಕ್ಕಿನ ಮೊನೆ ಹಿಡಿದು ಮೂಲೆಗೆ ಹೋದಳು. ಅಲ್ಲೇ ನಿಂತಳು. ಹತ್ತೂ ಪ್ರತಿಗಳು ಅಚ್ಚುಕಟ್ಟಾಗಿದ್ದವು. ಆದರೆ ಪರೀಕ್ಷಕರನ್ನು ಹಿಡಿದು ನಿಲ್ಲಿಸುವಂಥದ್ದೇನೋ ಅವುಗಳಲ್ಲಿ ಇರಲಿಲ್ಲ. ಅದು ಅವಳಿಗೇ ಗೊತ್ತಿತ್ತು. ಕೈ ಎತ್ತಿ ಅಪ್ಪನ ಹಣೆಯಿಂದ ಗದ್ದದವರೆಗೆ ಒಂದೇ ಎಳೆತಕ್ಕೆ ಗೀರಿದಳು. ಮೆತ್ತಗಿನ ತಾಮ್ರ ಚರ್ರೆಂದಿತು. ಆ ತಗಡಿಗೆ ಶಾಯಿ ತುಂಬಿ ತೆಗೆದಾಗ, ಗೀರಿನ ಎರಡೂ ಅಂಚಿಗೆ ಶಾಯಿ ನಿಂತು, ಮುಖ ಸೀಳಿಹೋದಂತೆ ಕಾಣುತ್ತಿತ್ತು. ಅವಳಿಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ಆ ಪ್ರತಿಗೇ ದೊಡ್ಡ ಚೌಕಟ್ಟು ಹಾಕಿಸಿ ಸಾಲಿನ ಕೊನೆಗೆ ತೂಗುಹಾಕಿದಳು. ಅವಳೆಣಿಸಿದಂತೆಯೇ ಪರೀಕ್ಷಕರು ಅದರ ಮುಂದೆ ನಿಂತರು. ಮೊದಲ ಬಹುಮಾನ ಬಂತು.

ಅಪ್ಪ ಅಮ್ಮ ಬಂದದ್ದು ಮರುದಿನ. ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಮದುವೆಮನೆಗೆ ಬಂದ ಬೀಗರ ಹಾಗೆ ಕೈ ಹಿಂದೆ ಕಟ್ಟಿಕೊಂಡು, ಒಂದೊಂದನ್ನೂ ನೋಡುತ್ತ ಬಂದ. ಕೊನೆಯದರ ಮುಂದೆ ನಿಂತುಬಿಟ್ಟ.

ಬಾಯಿ ಬಂದದ್ದು ಅಮ್ಮನಿಗೆ. "ಅಯ್ಯಯ್ಯೋ, ಇದ್ಯಾರೇ ಹೀಗೆ ಗೀಚಿದ್ದು?"

"ನಾನೇ ಅಮ್ಮಾ. ಅದು ನಿಯಮ," ಎಂದಳು ಮಗಳು. ಮಾತು ತಾನಾಗಿಯೇ ಬಾಯಿಗೆ ಬಂದಿತ್ತು. "ಪ್ರತಿ ಎಲ್ಲಾ ತೆಗೆದಾದ್ಮೇಲೆ ತಗಡನ್ನ ರದ್ದು ಮಾಡ್ಬೇಕು. ಎಲ್ರೂ ಮಾಡ್ತಾರೆ."

"ರದ್ದು," ಎಂದ ಅಪ್ಪ, ಗೊತ್ತಿಲ್ಲದ ತಿನಿಸನ್ನು ಬಾಯಲ್ಲಿಟ್ಟು ನೋಡಿದಂತೆ. ಆಮೇಲೆ, "ನಿಯಮ ಅಂದ್ಮೇಲೆ ಆಯ್ತಲ್ಲ. ಮಾಡ್ಲೇಬೇಕು," ಎಂದ.

ಪ್ರದರ್ಶನ ಮುಗಿದಾಗ ಅವನು ಕೇಳಿದ್ದು ಆ ಚಿತ್ರವನ್ನೇ. "ಚೆನ್ನಾಗಿರೋವು ನಿನಗೆ ಬೇಕಾಗ್ತವೆ. ಇದು ನನಗಿರಲಿ." ಸ್ಟುಡಿಯೊದ ಗೋಡೆಗೆ ಮೊಳೆ ಹೊಡೆದು ಹಾಕಿದ.

ಅಲ್ಲಿಂದ ಶುರುವಾಯಿತು. ಫೋಟೋ ತೆಗೆಸಲು ಬಂದವರೆಲ್ಲ, "ಇದು ನೀವೇ ಅಲ್ವಾ? ಯಾರ್ರೀ ಹೀಗೆ ಹಾಳು ಮಾಡಿದ್ದು?" ಎನ್ನುವರು. ಅಪ್ಪ ಮಾಡುತ್ತಿದ್ದ ಕೆಲಸ ಬಿಟ್ಟು, ಪಾಠ ಹೇಳುವವನ ಉತ್ಸಾಹದಿಂದ ವಿವರಿಸುವನು. "ಹಾಳಲ್ಲ ರೀ, ಅದೊಂದು ನಿಯಮ. ಅಚ್ಚಿನವರಲ್ಲಿ ಹಾಗೇ. ನನ್ನ ಮಗಳು ಮಾಡಿದ್ದು, ಮೊದಲನೇ ಬಹುಮಾನ." ಒಮ್ಮೆ ಒಳಕೋಣೆಯಲ್ಲಿದ್ದು ಇದನ್ನು ಕೇಳಿಸಿಕೊಂಡ ಮಗಳಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅವಳು ಸ್ಟುಡಿಯೊದ ಬೀದಿ ಬಿಟ್ಟು ಹಿಂದಿನ ಬೀದಿಯಿಂದ ಮನೆಗೆ ಹೋಗತೊಡಗಿದಳು. ಅಪ್ಪನ ಕಡೆ ನೋಡಿದಾಗಲೆಲ್ಲ ನಿಜ ಹೇಳಿಬಿಡಬೇಕೆನ್ನಿಸುತ್ತಿತ್ತು. ಬೇರೇನೋ ಮಾತು ತೆಗೆಯುತ್ತಿದ್ದಳು.

ತಗಡನ್ನಾದರೂ ಸರಿಮಾಡೋಣವೆಂದು ಎರಡು ವಾರ ಗೀರನ್ನು ಕೆರೆದು, ತಾಮ್ರ ನಯಮಾಡುವ ಕಡ್ಡಿಯಿಂದ ತೀಡಿದಳು. ಗೀರು ಆಳವಾಗಿತ್ತು. ಅದು ಮಸುಕಾಗುವಷ್ಟರಲ್ಲಿ ಮೂಗಿನ ಬದಿಯ ಸುಕ್ಕುಗಳು, ಆ ಅರ್ಧಕ್ಕೆ ನಿಂತ ಮಾತು ಎಲ್ಲ ಅಳಿಸಿಹೋಗಿ ಅಲ್ಲಿ ಯಾರೋ ಅಪರಿಚಿತ ಕೂತಿದ್ದ. ತಗಡನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಎಂಟು ತಿಂಗಳು ಹೀಗೇ ಕಳೆದವು. ಒಂದು ಮಧ್ಯಾಹ್ನ ಅಪ್ಪನ ಊಟದ ಡಬ್ಬಿ ತಲುಪಿಸಲು ಹೋದವಳು ಬಾಗಿಲಲ್ಲೇ ನಿಂತು, ಒಂದೇ ಉಸಿರಿಗೆ ಹೇಳಿಬಿಟ್ಟಳು. "ಅಪ್ಪಾ, ಅದು ನಿಯಮ ಅಲ್ಲ. ಅಂದ್ರೆ ನಿಯಮ ಇದೆ, ಆದ್ರೆ ಮೂಲೇಲಿ ಒಂದು ಗೀರು ಸಾಕಿತ್ತು. ಚೆನ್ನಾಗಿ ಕಾಣುತ್ತೆ ಅಂತ ನಾನೇ ಮುಖದ ಮೇಲೆ ಎಳೆದೆ."

ಅಪ್ಪ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. "ಗೊತ್ತು," ಎಂದ.

"ಏನು ಗೊತ್ತು?"

"ಪ್ರದರ್ಶನದ ದಿನಾನೇ ಕೇಳಿದ್ನಲ್ಲ ನಿಮ್ಮ ಮೇಷ್ಟ್ರನ್ನ. ನೀನು ಅಮ್ಮನಿಗೆ ನೀರು ತರೋಕೆ ಹೋಗಿದ್ದೆ. ಮೂಲೇಲಿ ಹಾಕ್ತಾರೆ ಅಂದ್ರು."

ಅವಳು ಬಾಗಿಲು ದಾಟಿ ಒಳಗೆ ಬಂದಳು. "ಮತ್ತೆ ಬಂದವರಿಗೆಲ್ಲ ಯಾಕಪ್ಪಾ ಹಾಗೆ..."

"ಇನ್ನೇನು ಹೇಳ್ಲಿ? ಕೇಳ್ತಾರಲ್ಲ." ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದ. "ನೀನೇ ಹೇಳ್ತೀಯ ಅಂತ ಸ್ವಲ್ಪ ದಿನ ಕಾದೆ. ಆಮೇಲೆ ಹೇಳಿ ಹೇಳಿ ನನಗೇ ಅಭ್ಯಾಸ ಆಗ್ಹೋಯ್ತು."

ಸಿಟ್ಟು ಮಾಡಿದ್ದರೆ ಅತ್ತು ಹಗುರಾಗುತ್ತಿದ್ದಳು. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಅದರಿಂದ ಚಿತ್ರ ಚೆನ್ನಾಯ್ತೇನೇ?" ಎಂದು ಕೇಳಿದ, ಒಬ್ಬ ಕಸುಬಿನವನು ಇನ್ನೊಬ್ಬನನ್ನು ಕೇಳುವಂತೆ.

ಇಲ್ಲ ಎನ್ನಲು ಅವಳು ಬಾಯಿ ತೆರೆದಳು. ಮತ್ತೊಂದು ಸುಳ್ಳು ಬೇಡವೆನ್ನಿಸಿತು. "ಆಯ್ತಪ್ಪಾ."

"ಹ್ಞೂ. ನನಗೂ ಹಾಗೇ ಅನಿಸ್ತು," ಎಂದು ಅವನು ಕೈ ತೊಳೆಯಲು ಎದ್ದ.

ಅಷ್ಟರಲ್ಲಿ ಒಬ್ಬಾಕೆ ಫೋಟೋ ತೆಗೆಸಲು ಬಂದಳು. ಕನ್ನಡಿಯಲ್ಲಿ ತಲೆ ತಿದ್ದಿಕೊಳ್ಳುತ್ತ ಗೋಡೆಯತ್ತ ನೋಡಿ, "ಇದೇನ್ರೀ, ನಿಮ್ಮ ಮುಖಕ್ಕೆ ಯಾರೋ ಹೀಗೆ ಗೀಚಿದಾರೆ?" ಎಂದಳು.

ಅಪ್ಪ ಒದ್ದೆ ಕೈಯನ್ನು ಒರೆಸುತ್ತ ದೀಪಗಳನ್ನು ಹಾಕಿದ.

"ನಾನೇ," ಎಂದಳು ಮಗಳು.

"ಯಾಕಮ್ಮಾ?"

ಆ ಪ್ರಶ್ನೆಗೆ ಅವಳ ಬಳಿ ನಿಯಮವೊಂದೂ ಉಳಿದಿರಲಿಲ್ಲ. ಬಂದಾಕೆ ಕುರ್ಚಿಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದಳು. ಕೊನೆಗೆ ಅಪ್ಪನೇ, ಕ್ಯಾಮೆರಾದ ಹಿಂದಿನಿಂದ, "ಅಮ್ಮಾ, ಇತ್ತ ನೋಡಿ," ಎಂದ.