ದೊಡ್ಡ ಪ್ಲೇಯರಿನಲ್ಲಿ ನನ್ನ ಹಾಡು

ನಮ್ಮ ಮನೆಯಲ್ಲಿ ಭಾನುವಾರ ಕುಕ್ಕರ್ ಸೀಟಿ ಹೊಡೆಯುವಂತಿಲ್ಲ. ಹತ್ತರಿಂದ ಹನ್ನೆರಡರವರೆಗೆ ನನ್ನ ಗಂಡ ಸಂಗೀತ ಕೇಳುತ್ತಾರೆ. ಆ ಎರಡು ತಾಸು ಫ್ಯಾನು ಬಂದ್, ಮಿಕ್ಸರ್ ಬಂದ್, ಹಿತ್ತಲಲ್ಲಿ ಬಟ್ಟೆ ಒಗೆಯುವ ಸಪ್ಪಳವೂ ಬಂದ್. ಬೇಳೆಯನ್ನು ನಾನು ಒಂಬತ್ತಕ್ಕೇ ಬೇಯಿಸಿ ಇಟ್ಟಿರುತ್ತೇನೆ.

ಅವರು ಶಿಗ್ಗಾಂವದ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಾರೆ. ಮನೆ ಸವಣೂರಿನಲ್ಲಿ. ಊರ ಹೊರಗಿನ ಎಲೆಬಳ್ಳಿ ತೋಟವನ್ನು ಮೈದುನ ನೋಡಿಕೊಳ್ಳುವುದರಿಂದ ಇವರಿಗೆ ಸಂಗೀತಕ್ಕೆ ಪುರುಸೊತ್ತು ಇದೆ. ಅವರದು ಹಾಡುವ ಹುಚ್ಚಲ್ಲ, ಕೇಳುವ ಹುಚ್ಚು. ಹೆಣ್ಣು ನೋಡಲು ಹಾನಗಲ್ಲಿಗೆ ಬಂದಿದ್ದಾಗ ನಾನು ಹಾಡುತ್ತೇನೆಂದು ತಿಳಿದು ಅವರ ಮುಖ ಅರಳಿದ್ದನ್ನು ಕಂಡಿದ್ದೆ. ಈ ಮನೆಯಲ್ಲಿ ನನ್ನ ಹಾಡಿಗೆ ಕೇಳುವವರೊಬ್ಬರು ಇರುತ್ತಾರೆ ಅಂದುಕೊಂಡೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಹಾಡಬೇಡ ಎಂದು ಅವರು ಒಮ್ಮೆಯೂ ಹೇಳಿಲ್ಲ. ಹಾಡು ಎಂದೂ ಹೇಳಿಲ್ಲ.

ಮದುವೆಗೆ ಮೊದಲು ಏಳು ವರ್ಷ ನಾನು ಹಾನಗಲ್ಲಿನಲ್ಲಿ ಒಬ್ಬ ಗುರುಗಳ ಹತ್ತಿರ ಕಲಿತಿದ್ದೆ. ನಿಶ್ಚಿತಾರ್ಥ ಆದ ಮೇಲೆ ಗುರುಗಳೇ ನನ್ನನ್ನು ಮದುವೆಯ ವಿಡಿಯೋ ತೆಗೆಯುವ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ, ಒಂದು ಭೀಮಪಲಾಸ ರಾಗ ಹಾಡಿಸಿ, ಸಿ.ಡಿ. ಮಾಡಿಸಿದರು. ಹಾರ್ಮೋನಿಯಂಗೆ ಅವರೇ ಕೂತರು. ತಬಲಾಕ್ಕೆ ಅವರ ಗೆಳೆಯರೊಬ್ಬರು. ಮದುವೆಯ ದಿನ ಆ ಸಿ.ಡಿ.ಯನ್ನು ನನ್ನ ಕೈಗಿಟ್ಟು, ನಮ್ಮಪ್ಪ, ಬಂದ ಮಂದಿ ಎಲ್ಲ ಕೇಳುವಂತೆಯೇ, "ಹಾಡೂದು ಬಿಡಬ್ಯಾಡವಾ. ನಿನ್ನ ದನಿ ಭಾಳ ಮಂದಿಗೆ ಸಿಗೂದಲ್ಲ" ಅಂದರು. ಆ ಮಾತನ್ನು ನಾನು ಒಡವೆಯ ಹಾಗೆ ಕಾಪಾಡಿಕೊಂಡು ಬಂದೆ. ಅತ್ತೆಯ ಕಾಯಿಲೆ, ಇಬ್ಬರು ಹೆಣ್ಣುಮಕ್ಕಳ ಶಾಲೆ, ಬಂದು ಹೋಗುವ ನೆಂಟರು ಇವುಗಳಲ್ಲಿ ರಿಯಾಜ್ ನಿಂತೇ ಹೋಯಿತು. ಅಡುಗೆಮನೆಯಲ್ಲಿದ್ದ ಚಿಕ್ಕ ಪ್ಲೇಯರಿನಲ್ಲಿ ಆಗೊಮ್ಮೆ ಈಗೊಮ್ಮೆ ನನ್ನ ಸಿ.ಡಿ. ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ನಾನು ಹಾಡದೆ ಹೋದದ್ದಕ್ಕೆ ಈ ಮನೆಯೇ ಕಾರಣ, ಇಲ್ಲಿಯವರಿಗೆ ಗೊತ್ತಾಗದ್ದು ನನ್ನ ಗುರುಗಳಿಗೆ ಗೊತ್ತಿತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮೂರು ವರ್ಷದ ಹಿಂದೆ ಗಂಡ ಪುಣೆಯಲ್ಲಿ ಯಾರೋ ಶೋಕಿಯವರಿಂದ ಒಂದು ವಿದೇಶಿ ಸಿ.ಡಿ. ಪ್ಲೇಯರ್ ಕೊಂಡು ತಂದರು. ಕಾರಿನಿಂದ ಇಳಿಸಲು ಇಬ್ಬರು ಬೇಕಾದರು, ಅಷ್ಟು ಭಾರ. ಮುಂದಿನ ಕೋಣೆಯನ್ನು ಅದಕ್ಕೆಂದೇ ಖಾಲಿ ಮಾಡಿಸಿದರು. ಗೋಡೆಗೆ ದಪ್ಪನೆಯ ಪರದೆ, ನೆಲಕ್ಕೆ ಜಮಖಾನೆ, ಆಳೆತ್ತರದ ಎರಡು ಸ್ಪೀಕರ್, ಅವುಗಳಿಗೆ ಸರಿಯಾಗಿ ನಡುವೆ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಅವರೊಬ್ಬರೇ ಕೂರುವುದು. ಬಂದ ಗೆಳೆಯರು ಬದಿಯ ಸೋಫಾದಲ್ಲಿ. ನಾನು ಚಹಾ, ಖಾರ ಇಟ್ಟು ಒಳಗೆ ಹೋಗಬೇಕು. ಸಾದಾ ಪ್ಲೇಯರಿನಲ್ಲಿ ಹಾಡುವವರ ಗಂಟಲು ಮಾತ್ರ ಕೇಳುತ್ತದೆ, ಇದರಲ್ಲಿ ಎದೆ ಕೇಳುತ್ತದೆ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಅವರ ಗೆಳೆಯರೊಬ್ಬರು ಮಾತ್ರ ಇದನ್ನು ಒಪ್ಪಲಿಲ್ಲ.

"ಸಿ.ಡಿ. ಒಳಗ ಇರೂದು ಬರೇ ಅಂಕಿ ಸರ," ಅಂದರು ಒಂದು ಭಾನುವಾರ. "ಅಂಕಿ ತಪ್ಪಿಲ್ಲದ ಓದಿದ್ರ ಮುಗೀತು. ನಿಮ್ಮ ಟಿ.ವಿ. ಕೆಳಗಿನ ಡಿ.ವಿ.ಡಿ. ಪ್ಲೇಯರೂ ಅದನ್ನ ಓದ್ತದ."

"ನಿಮಗ ಕಿವಿ ಇಲ್ಲ ಅಂದ್ರ ನಾ ಏನು ಮಾಡ್ಲಿ?" ಎಂದು ಇವರು ನಕ್ಕರು.

"ಹಂಗಾರ ಕಣ್ಣು ಮುಚ್ಚಿ ಹೇಳ್ರಿ ನೋಡೋಣು."

ಮುಂದಿನ ವಾರ ಎಂಜಿನಿಯರು ಒಂದು ಮೀಟರನ್ನೂ, ಗಂಡನ ಹತ್ತಿರವಿದ್ದ ಸಿ.ಡಿ.ಯಂಥದ್ದೇ ಇನ್ನೊಂದು ಸಿ.ಡಿ.ಯನ್ನೂ ತಂದರು. ಎರಡೂ ಪ್ಲೇಯರುಗಳನ್ನು ಒಂದೇ ಆಂಪ್ಲಿಫೈಯರಿಗೆ ಜೋಡಿಸಿ, ಮೀಟರ್ ನೋಡಿ ಎರಡರ ದನಿಯನ್ನೂ ಸಮ ಮಾಡಿದರು. ಒಂದು ಕೂದಲಷ್ಟು ಜೋರಿದ್ದರೂ ಅದೇ ಚಲೋ ಅನ್ನಿಸುತ್ತದಂತೆ. ಅಡ್ಡಕ್ಕೆ ಹಾಸಿಗೆಯ ಚಾದರ ಕಟ್ಟಿದರು. ಚಾದರದ ಹಿಂದೆ ಕೂತು ನಾಣ್ಯ ಚಿಮ್ಮಿ, ಬಿದ್ದ ಹಾಗೆ ಗುಂಡಿ ತಿರುವಿ, ಬರೆದುಕೊಳ್ಳಲು ಯಾರಾದರೂ ಬೇಕಿತ್ತು. ನನ್ನನ್ನು ಕರೆದರು. ಎಂಜಿನಿಯರು ಪಕ್ಕದಲ್ಲಿ ನಿಂತು ನೋಡಿದರು.

ಹತ್ತು ಸಲ ಮಾಡಿದೆವು. ಗಂಡ ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ, ಪ್ರತಿ ಸಲವೂ ಒಂದಿಷ್ಟೂ ಅನುಮಾನವಿಲ್ಲದೆ ಹೇಳಿದರು. "ಇದು ದೊಡ್ಡದು, ತಂಬೂರಿ ತುಂಬಿ ಬರಾಕತ್ತದ." "ಇದು ಡಿ.ವಿ.ಡಿ., ದನಿ ತೆಳ್ಳಗಾತು." ಮುಗಿದ ಮೇಲೆ ಎಂಜಿನಿಯರು ನನ್ನ ಚೀಟಿ ಓದಿದರು. ಹತ್ತರಲ್ಲಿ ನಾಲ್ಕು ಸರಿ, ಆರು ತಪ್ಪು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತೇನೋ. ಗಂಡ ಎದ್ದು ಬಂದು ಚಾದರ ಸರಿಸಿ ನನ್ನನ್ನು ನೋಡಿದರು.

"ನೀ ತಪ್ಪು ಬರಕೊಂಡೀದಿ."

"ಇಲ್ಲರಿ."

"ನಿನಗ ಯಾವುದು ಯಾವ ವಾಯರ್ ಅಂತ ಎಲ್ಲಿ ತಿಳೀತದ?"

"ತಂಗಿ ಸರಿಯಾಗೇ ಬರದಾಳ ಸರ," ಅಂದರು ಎಂಜಿನಿಯರು ಮೆಲ್ಲಗೆ. "ನಾ ಬಾಜೂಕ ನಿಂತಿದ್ದೆ."

ಎಂಜಿನಿಯರು ಚಹಾ ಅರ್ಧಕ್ಕೇ ಬಿಟ್ಟು ಹೋದರು, ಮತ್ತೆ ನಮ್ಮ ಮನೆಗೆ ಬರಲಿಲ್ಲ. ಆ ಕೋಣೆಯಲ್ಲಿದ್ದವರಲ್ಲಿ ಏಳು ವರ್ಷ ಸಂಗೀತ ಕಲಿತವಳು ನಾನೊಬ್ಬಳೇ. ನಿನಗೇನು ಅನ್ನಿಸಿತು ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ನನಗೂ ವ್ಯತ್ಯಾಸ ಗೊತ್ತಾಗಿರಲಿಲ್ಲ. ಆದರೆ ಕೇಳಬಹುದಿತ್ತು.

ನಾಲ್ಕು ದಿನ ಅವರು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಐದನೆಯ ದಿನ, ಅವರು ಕಾಲೇಜಿಗೆ ಹೋದ ಮೇಲೆ, ಮಧ್ಯಾಹ್ನ ನಾನು ಆ ಕೋಣೆಗೆ ಹೋದೆ. ವಾಯರುಗಳು ಹಾಗೆಯೇ ಇದ್ದವು. ಹೊಟ್ಟೆಕಿಚ್ಚೋ ಹಟವೋ, ನನ್ನ ಸಿ.ಡಿ.ಯನ್ನು ದೊಡ್ಡ ಪ್ಲೇಯರಿಗೆ ಹಾಕಿ ನಡುವಿನ ಕುರ್ಚಿಯಲ್ಲಿ ಕೂತೆ. ಮನೆಯಲ್ಲಿ ಒಂದು ಸಪ್ಪಳವೂ ಇರಲಿಲ್ಲ.

ಶುರುವಾದ ಕೂಡಲೆ ಕಣ್ಣಲ್ಲಿ ನೀರು ಬಂತು. ಎಂಥ ದನಿ ಇತ್ತು ನನ್ನದು! ನಿಧಾನದ ವಿಲಂಬಿತ ಮುಗಿದು ಚುರುಕಿನ ದ್ರುತ್ ಶುರುವಾಗುವ ಮೊದಲು ನಾನು ನೀರು ಕುಡಿಯಲು ನಿಲ್ಲಿಸಿದ್ದೆ. ಸ್ಟುಡಿಯೋದವನು ಆ ಖಾಲಿ ಜಾಗವನ್ನು ಕತ್ತರಿಸಿರಲಿಲ್ಲ. ಲೋಟ ಇಟ್ಟ ಸದ್ದು ಕೇಳಿತು. ಆಮೇಲೆ ಗುರುಗಳು ಅವತ್ತು ನನಗೆ ಕೇಳಿಸದ ಹಾಗೆ, ಮೈಕಿನ ಹತ್ತಿರವೇ ಬಗ್ಗಿ ತಬಲಾದವರಿಗೆ ಪಿಸುಮಾತಿನಲ್ಲಿ ಹೇಳಿದ್ದು ಕೇಳಿತು.

"ದ್ರುತ್ ಸಣ್ಣದು ಮಾಡಿ ಮುಗಸೂಣು. ಲಗ್ನಕ್ಕ ಒಂದು ನೆನಪು ಅಷ್ಟ. ಇಕಿ ಇನ್ನ ಹಾಡೂದಿಲ್ಲ."

ತಬಲಾದವರು ಮೂಗಿನಲ್ಲೇ ನಕ್ಕರು. ಆಮೇಲೆ ಹಾರ್ಮೋನಿಯಂ ಎತ್ತಿಕೊಂಡಿತು, ನಾನು ಸಂತೋಷದಿಂದ ಹಾಡತೊಡಗಿದೆ.

ಮೂರು ಸಲ ಹಿಂದೆ ಓಡಿಸಿ ಕೇಳಿದೆ. ಅದೇ ಮಾತು. ಇದು ಈ ಹಾಳು ಯಂತ್ರದ ಕೆಲಸ, ಇದರಲ್ಲಿ ಮಾತ್ರ ಇಂಥದ್ದೆಲ್ಲ ಕೇಳುತ್ತದೆ ಅಂದುಕೊಂಡೆ. ಸಿ.ಡಿ.ಯನ್ನು ತೆಗೆದು ಡಿ.ವಿ.ಡಿ. ಪ್ಲೇಯರಿಗೆ ಹಾಕಿದೆ, ಗುಂಡಿ ತಿರುವಿದೆ. ಅದರಲ್ಲೂ ಇತ್ತು. ಅಷ್ಟೇ ಸ್ಪಷ್ಟವಾಗಿ ಇತ್ತು. ಇಪ್ಪತ್ತೆರಡು ವರ್ಷ ಅಲ್ಲೇ ಇತ್ತು. ರೊಟ್ಟಿ ಬಡಿಯುತ್ತಾ, ಒಗ್ಗರಣೆ ಹಾಕುತ್ತಾ ಕೇಳಿದ್ದರಿಂದ ನನ್ನ ಕಿವಿಗೆ ಬಿದ್ದಿರಲಿಲ್ಲ. ಎಂಜಿನಿಯರು ಹೇಳಿದ್ದು ನಿಜ, ಎರಡು ಪ್ಲೇಯರಿಗೂ ಏನೂ ವ್ಯತ್ಯಾಸವಿಲ್ಲ. ನಾನು ಕೆಲಸ ಬಿಟ್ಟು ಒಂದು ಕಡೆ ಕೂತು ಕೇಳಿದ್ದು ಅದೇ ಮೊದಲು.

ಸಂಜೆ ಗಂಡ ಬಂದವರೇ ಯಂತ್ರದ ಮೇಲೆ ಕೈಯಿಟ್ಟರು.

"ಬೆಚ್ಚಗ ಅದ. ಯಾರು ಹಚ್ಚಿದ್ರು?"

"ನಾನು."

"ಏನು ಹಾಕಿದ್ದಿ?"

"ನನ್ನ ಸಿ.ಡಿ. ಲಗ್ನದಾಗ ಕೊಟ್ಟದ್ದು."

"ಅಂಗಡ್ಯಾಗ ಬರಸಿದ ಸಿ.ಡಿ. ಇದಕ್ಕ ಹಾಕಬ್ಯಾಡ. ಲೆನ್ಸ್ ಹಾಳಾಗ್ತದ."

ಅಷ್ಟೇ. ಹೇಗಿತ್ತು ಎಂದು ಕೇಳಲಿಲ್ಲ. ಕೇಳಿದ್ದರೆ ಎಲ್ಲ ಹೇಳಿ ಅತ್ತುಬಿಡುತ್ತಿದ್ದೆ. ಅವರು ಒಂದು ಮೆತ್ತನೆಯ ಬಟ್ಟೆ ತಂದು ಪ್ಲೇಯರಿನ ಬಾಯಿ ಒರೆಸಿದರು.

ಗುರುಗಳು ಈಗ ಹಿರೇಕೆರೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ತವರಿಗೆಂದು ಹೇಳಿ ಹೊರಟೆ. ಹಾನಗಲ್ಲಿನಲ್ಲಿ ಬಸ್ಸಿಳಿದು, ಅಪ್ಪನ ಮನೆಯ ಕಡೆ ತಿರುಗದೆ ಹಿರೇಕೆರೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಕೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅವರು ನಾಚುತ್ತಾರೆ, ತಪ್ಪಾಯಿತು ಅನ್ನುತ್ತಾರೆ, ನಾನು ಇರಲಿ ಬಿಡ್ರಿ ಅನ್ನುತ್ತೇನೆ ಎಂದೆಲ್ಲ.

ಪಡಸಾಲೆಯಲ್ಲಿ ಕೂತಿದ್ದರು. ಮೈ ಬಡಕಲಾಗಿತ್ತು, ನೆನಪು ಮಾತ್ರ ಚುರುಕಾಗಿತ್ತು. "ಬಾರವಾ, ಹಾನಗಲ್ಲ ಹುಡುಗಿ" ಎಂದು ನನ್ನ ನಮಸ್ಕಾರದ ದನಿಯಿಂದಲೇ ಗುರುತು ಹಿಡಿದರು. ಮಗಳು ನೀರು ಕೊಟ್ಟು ಒಳಗೆ ಹೋದ ಮೇಲೆ ನಾನು ಸಿ.ಡಿ.ಯಲ್ಲಿ ಕೇಳಿದ್ದನ್ನು ಹೇಳಿದೆ. ಅವರಾಡಿದ ಮಾತನ್ನು ಅವರ ಧಾಟಿಯಲ್ಲೇ ಹೇಳಿದೆ.

ಅವರು ನಾಚಲಿಲ್ಲ.

"ಅಂದಿದ್ದೆ. ಖರೇ."

"ಮತ್ತ ಲಗ್ನದಾಗ ಬಿಡಬ್ಯಾಡ ಅಂದ್ರಲ್ಲರಿ, ಎಲ್ಲಾರ ಮುಂದ?"

"ಎಲ್ಲಾ ಹುಡುಗ್ಯಾರ ಲಗ್ನದಾಗೂ ಅಂತೀನವಾ. ಅನ್ನಬೇಕಾಗ್ತದ." ಆಮೇಲೆ ನನ್ನ ಕಡೆ ತಿರುಗಿ, ಒಂದಿಷ್ಟೂ ಕೊಂಕಿಲ್ಲದೆ ಕೇಳಿದರು. "ನಾ ತಪ್ಪು ಹೇಳಿದ್ನೇನು? ನೀ ಹಾಡಿದೇನು?"

ಅತ್ತೆ, ಮಕ್ಕಳು, ಗಂಡ ಎಂದು ಹೇಳಲು ಬಾಯಿ ತೆರೆದೆ. ಯಾರೂ ಬೇಡ ಅಂದಿರಲಿಲ್ಲ ಎಂಬುದು ಆಗಲೇ ನೆನಪಾಗಬೇಕೇ? ಕಾಲು ಮುಟ್ಟಿ ನಮಸ್ಕರಿಸಿ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕೂತಿದ್ದೆ. ನನಗೆ ಅವರ ಮೇಲೆ ಬಂದಿದ್ದ ಸಿಟ್ಟು ಆ ದಿನದಿಂದ ಇಳಿದಿಲ್ಲ. ಸುಳ್ಳು ಹೇಳಿದ್ದಕ್ಕಲ್ಲ, ನಿಜ ಹೇಳಿದ್ದಕ್ಕೆ.

ಗಂಡ ಈಗಲೂ ಭಾನುವಾರ ಒಬ್ಬರೇ ಕೂತು ಕೇಳುತ್ತಾರೆ. ಮಂದಿ ಎದುರಿಗಿದ್ದರೆ ಕಿವಿ ಬಿಗಿಯುತ್ತದೆ, ಅದಕ್ಕೇ ಅವತ್ತು ತಪ್ಪಿತು ಎಂಬುದು ಅವರ ತೀರ್ಮಾನ. ನಾನು ವಾದಿಸುವುದಿಲ್ಲ. ಹಿರೇಕೆರೂರಿನಿಂದ ಬಂದಾಗಿನಿಂದ ದಿನಾ ಬೆಳಿಗ್ಗೆ ಐದಕ್ಕೆದ್ದು ಮಾಳಿಗೆಯ ಮೇಲಿನ ಕಾಳಿನ ಚೀಲಗಳ ಕೋಣೆಯಲ್ಲಿ ಒಂದು ತಾಸು ರಿಯಾಜ್ ಮಾಡುತ್ತೇನೆ. ಮೇಲಿನ ಷಡ್ಜ ಮುಟ್ಟಲು ಆಗುತ್ತಿಲ್ಲ. ಮುಟ್ಟಿದ ದಿನ ದನಿ ಅಲ್ಲಿ ನಿಲ್ಲುವುದಿಲ್ಲ. ಕೆಳಗೆ ಗಂಡನಿಗೆ ಕೇಳಿಸುತ್ತದೆ ಎಂಬುದು ನನಗೆ ಗೊತ್ತು. ಅವರು ಅದರ ಬಗ್ಗೆ ಮಾತೆತ್ತಿಲ್ಲ.

ಹೋದ ತಿಂಗಳು ಹಿರೇಕೆರೂರಿನಿಂದ ಗುರುಗಳ ಮಗಳು ಫೋನ್ ಮಾಡಿದ್ದರು. "ಅಪ್ಪ ಹಾಸಿಗಿ ಹಿಡದಾರ. ನಿಮ್ಮನ್ನ ಭಾಳ ನೆನಸ್ತಾರ. ಆ ಹುಡುಗಿ ಈಗರ ಹಾಡ್ತಾಳೇನು ಕೇಳು ಅಂದ್ರು."

ಆ ದಿನ ಬೆಳಿಗ್ಗೆಯೂ ನಾನು ಹಾಡಿದ್ದೆ. ಗಂಟಲು ಇನ್ನೂ ಬೆಚ್ಚಗಿತ್ತು.

"ಇಲ್ಲ ಅಂತ ಹೇಳ್ರಿ," ಅಂದೆ.